ಹಾವಸೆ, ಪಾಚಿ, ಶೈವಲ: ಒಂದು ಶಬ್ದವಿಮರ್ಶೆ

೧

ನೀರಿನಲ್ಲಿ ಹುಟ್ಟಿ ನೀರಿನಲ್ಲಿಯೇ ಬಾಳುವ ಹಸುರಿಗೆ ಕನ್ನಡದಲ್ಲಿ ಹಾವಸೆ, ಪಾಚಿ ಎಂಬ ಎರಡು ಹೆಸರುಗಳುಂಟು. ಸಂಸ್ಕೃತದಿಂದ ಬಂದು ಗ್ರಂಥಭಾಷೆಯಲ್ಲಿ ನೆಲೆಗೊಂಡ ಶೈವಲವೆಂಬುದು ಮೂರನೆಯದು. ಈ ಮೂರು ಶಬ್ದಗಳನ್ನು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟು ಸಾಗಿಬಿಡುವುದು ವಾಡಿಕೆಯಾಗಿದೆ. ಕಾವ್ಯಪಾಠ ಹೇಳುವ ಅಧ್ಯಾಪಕನು ‘ಶೈವಲವೆಂದರೆ ಪಾಚಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಶ್ಲೋಕದ ಅನ್ವಯಕ್ಕೆ ತೊಡಗುವನು. ವಚನವನ್ನು ಪಾಠ ಹೇಳುವಾಗಲೂ ‘ಹಾವಸೆಯೆಂದರೆ ಪಾಚಿ, ಶೈವಲ’ ಎಂಬ ಟಿಪ್ಪಣಿಯೇ ಸಾಕೆನಿಸಿಕೊಳ್ಳುವುದು.

ಮೇಲುನೋಟಕ್ಕೆ ಇದು ಅಲ್ಪವಿಷಯ. ಆದರೆ ಇತ್ತೀಚೆಗೆ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಕನ್ನಡದ ವಿಜ್ಞಾನಪುಸ್ತಕಗಳು ಬೇರು, ಕಾಂಡ, ಎಲೆಗಳೆಂಬ ವಿಭಾಗವಿಲ್ಲದ ಜಲಜೀವಿಗಳ ಒಂದು ವರ್ಗಕ್ಕೆ ಶೈವಲವೆಂದೂ, ಒದ್ದೆನೆಲದಲ್ಲಿ, ಗೋಡೆಯ ಮೇಲೆ, ಮರದ ತೊಗಟೆಯ ಮೇಲೆ ಮೆತ್ತೆಯಾಗಿ ಬೆಳೆಯುವ ಬೇರೊಂದು ವರ್ಗಕ್ಕೆ ಹಾವಸೆಯೆಂದೂ ಪರಿಭಾಷೆಯನ್ನು ಕಲ್ಪಿಸಿವೆ. ಶಾಸ್ತ್ರಕ್ಕೆ ಪರಿಭಾಷೆ ಬೇಕು, ಅದರಲ್ಲಿ ದೋಷವಿಲ್ಲ. ಆದರೆ ವಿಜ್ಞಾನದ ತರಗತಿಯಲ್ಲಿ ಈ ಅರ್ಥಗಳನ್ನು ಕಲಿತ ವಿದ್ಯಾರ್ಥಿಯೇ ಮರುಗಳಿಗೆಯಲ್ಲಿ ಕಾಳಿದಾಸನ ಮುಂದೆಯೂ ಬಸವಣ್ಣನವರ ಮುಂದೆಯೂ ಕುಳಿತುಕೊಳ್ಳುವನು. ಅವನಿಗೆ ಶಕುಂತಳೆಯ ಸೌಂದರ್ಯವನ್ನು ಹೇಳುವ ಉಪಮೆಯಲ್ಲಿ ಕೊಳೆನೀರಿನ ಲೋಳೆ ಕಾಣುವುದು. ವಚನದ ಕಲ್ಲಿನ ಮೇಲೆ ಮಲೆನಾಡಿನ ಮರದ ಮೆತ್ತೆ ಕಾಣುವುದು. ಎರಡು ಕಡೆಯೂ ಕವಿಯ ಮಾತು ಕೆಡುವುದು. ಆದುದರಿಂದ ಈ ಮೂರು ಶಬ್ದಗಳ ಅರ್ಥವನ್ನೂ ಹುಟ್ಟನ್ನೂ ಬೇರೆಬೇರೆಯಾಗಿ ವಿಚಾರಿಸುವುದು ನಿಷ್ಪ್ರಯೋಜನವಲ್ಲ.

೨

ಶಬ್ದಕ್ಕಿಂತ ಮೊದಲು ವಸ್ತುವನ್ನು ನೋಡಬೇಕು. ಇದಕ್ಕೆ ಹಾಸನದ ಸೀಮೆಗಿಂತ ಅನುಕೂಲವಾದ ಸ್ಥಳ ದೊರೆಯುವುದು ಕಷ್ಟ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳೊಳಗೆ ನೀರಿನ ಎಲ್ಲ ಅವಸ್ಥೆಗಳೂ ಇವೆ. ಹೇಮಾವತಿಯು ಹೊಳೆನರಸೀಪುರದ ಪಕ್ಕದಲ್ಲಿಯೇ ಹರಿಯುವುದು. ಆ ಊರಿನ ಹೆಸರಿನಲ್ಲಿರುವ ‘ಹೊಳೆ’ಯೇ ಇದಕ್ಕೆ ಸಾಕ್ಷಿ. ಅದೇ ನದಿಯು ಹಾಸನ ತಾಲ್ಲೂಕಿನ ಗೊರೂರಿನಲ್ಲಿ ೧೯೭೯ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ವಿಶಾಲವಾದ ನಿಂತ ನೀರಾಗಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯು ಬಂಡೆಗಳ ನಡುವೆ ಹರಿದು, ಮೀನುಗಳಿಗೆ ಅಭಯಸ್ಥಾನವಾದ ಮಡುವಾಗಿ ನಿಲ್ಲುವುದು. ಪೂರ್ವಕ್ಕೆ ಮಳೆ ಕಡಮೆಯಾದ ಚನ್ನರಾಯಪಟ್ಟಣದ ಕಡೆ ಕೆರೆಗಳೇ ಜೀವನಾಧಾರ. ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತಿರುವಿದವರಿಗೆ ಕೆರೆ ಕಟ್ಟಿಸಿದ, ತೂಬಿಡಿಸಿದ, ಕೆರೆಯ ಪೋಷಣೆಗೆ ಭೂಮಿ ಬಿಟ್ಟ ವಿಷಯಗಳು ಎಷ್ಟು ಸಾಮಾನ್ಯವೆಂಬುದು ತಿಳಿದೇ ಇದೆ.

ಈ ನೀರುಗಳಲ್ಲಿ ಸಾಮಾನ್ಯವಾಗಿ ಹುಟ್ಟುವ ಹಸುರು ಒಂದೇ ಬಗೆಯದಲ್ಲ. ಮುಖ್ಯವಾಗಿ ನಾಲ್ಕು ಬಗೆಗಳನ್ನು ಹೇಳಬಹುದು. ತಳದ ಕೆಸರಿನಲ್ಲಿ ಬೇರೂರಿ, ಲಾಡಿಯಂತೆ ನೀಳವಾದ ಎಲೆಗಳನ್ನು ನೀರೊಳಗೇ ಚಾಚಿ, ಹರಿವು ಹೋದತ್ತ ಬಾಗಿ ಮಲಗುವ ಗಿಡ ಮೊದಲನೆಯದು. ಸಸ್ಯಶಾಸ್ತ್ರಜ್ಞರು ವ್ಯಾಲಿಸ್ನೇರಿಯ, ಬ್ಲಿಕ್ಸ ಎಂದು ಕರೆಯುವುವು ಈ ಜಾತಿಯವು. ಎಳೆಎಳೆಯಾದ ಕಾಂಡದ ಸುತ್ತ ಕಿರಿಯೆಲೆಗಳ ಬಳೆಗಳನ್ನು ತೊಟ್ಟಂತಿರುವ ಹೈಡ್ರಿಲ ಎರಡನೆಯದು. ಬೇರಿಲ್ಲದೆ, ಎಲೆಯಿಲ್ಲದೆ, ಹಸುರು ನೂಲಿನ ಉಂಡೆಯಂತೆ ನಿಂತ ನೀರಿನಲ್ಲಿ ತೊಡಕಿಕೊಳ್ಳುವುದು ಮೂರನೆಯದು. ಕಲ್ಲು ಮೆಟ್ಟಿಲುಗಳ ಮೈಗೆ ತೆಳುವಾಗಿ ಹತ್ತಿ, ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಾಲಿಗೆ ತಿಳಿಯುವ ಲೋಳೆ ನಾಲ್ಕನೆಯದು. ನೀರಿನ ಮೇಲೆ ತೇಲುವ ಅಂತರಗಂಗೆಯೂ ದಡದ ಜೊಂಡೂ ಇವುಗಳಿಂದ ಬೇರೆ. ಅವಕ್ಕೆ ಬೇರೆ ಹೆಸರುಗಳಿರುವುದರಿಂದ ಅಲ್ಲಿ ಗೊಂದಲವಿಲ್ಲ.

ಮೊದಲನೆಯ ಬಗೆಯಲ್ಲಿ ಒಂದು ಸೋಜಿಗವುಂಟು. ವ್ಯಾಲಿಸ್ನೇರಿಯದ ಹೆಣ್ಣುಹೂವು ನೂಲಿನಂಥ ನೀಳವಾದ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬರುವುದು. ಗಂಡುಹೂವುಗಳು ಬುಡದಿಂದ ಕಳಚಿಕೊಂಡು ಮೇಲೆದ್ದು ತೇಲಿ ಅದನ್ನು ಸೇರುವುವು. ಆಮೇಲೆ ಆ ತೊಟ್ಟು ಸುರುಳಿಗೊಂಡು ಕಾಯಿಯನ್ನು ಮತ್ತೆ ನೀರೊಳಕ್ಕೆ ಎಳೆದುಕೊಳ್ಳುವುದು. ಇಂಥ ಗಿಡವನ್ನೂ ಮೆಟ್ಟಿಲಿನ ಲೋಳೆಯನ್ನೂ ಒಂದೇ ಹೆಸರಿನಿಂದ ಕರೆದು ತೃಪ್ತಿಪಡುವುದು ನೀರಿನ ಬಳಿಗೆ ಹೋಗದವನ ಪಾಂಡಿತ್ಯವೇ ಸರಿ.

೩

ಇನ್ನು ಸಂಸ್ಕೃತಶಬ್ದವನ್ನು ನೋಡಬಹುದು. ಅಮರಸಿಂಹನು ಪ್ರಥಮಕಾಂಡದ ವಾರಿವರ್ಗದಲ್ಲಿ ವಾರಿಪರ್ಣೀ, ಕುಂಭಿಕಾ ಎಂಬ ತೇಲುಗಿಡದ ಹೆಸರುಗಳನ್ನು ಹೇಳಿ, ಒಡನೆಯೇ ಜಲನೀಲೀ, ಶೈವಾಲ, ಶೈವಲ ಎಂಬ ಪರ್ಯಾಯಗಳನ್ನು ಕೊಡುವನು. ತೇಲುವುದು ಬೇರೆ, ಮುಳುಗಿರುವುದು ಬೇರೆ ಎಂಬ ವಿವೇಕ ಕೋಶಕಾರನಿಗೆ ಇದ್ದಿತೆಂಬುದು ಈ ಕ್ರಮದಿಂದಲೇ ಸ್ಪಷ್ಟ. ಜಲನೀಲೀ ಎಂಬ ಹೆಸರು ಬಣ್ಣದಿಂದ ಬಂದುದು. ಶೈವಲಕ್ಕೆ ವೈಯಾಕರಣರು ಉಣಾದಿಪ್ರಕ್ರಿಯೆಯಲ್ಲಿ ಶೀಙ್ ಧಾತುವನ್ನು ಹಿಡಿಯುವರು. ನೀರಿನಲ್ಲಿ ಮಲಗಿರುವುದು ಶೈವಲವೆಂದು ತಾತ್ಪರ್ಯ. ಹರಿವಿಗೆ ಒಡ್ಡಿಕೊಂಡು ಮಲಗಿದ ನೀಳವಾದ ಎಲೆಗಳನ್ನು ಕಂಡವರಿಗೆ ಈ ವ್ಯುತ್ಪತ್ತಿ ಮನೋಹರವಾಗಿ ತೋರುವುದು.

ಆದರೆ ಮನೋಹರವಾದುದೆಲ್ಲ ಇತಿಹಾಸವಾಗದು. ಋಗ್ವೇದದ ಹತ್ತನೆಯ ಮಂಡಲದ ೬೮ನೆಯ ಸೂಕ್ತದಲ್ಲಿ ಈ ಶಬ್ದವು ಶೀಪಾಲವೆಂಬ ರೂಪದಲ್ಲಿದೆ. ಅಥರ್ವವೇದದಲ್ಲಿ ಶೀಪಾಲಾ ಎಂಬ ರೂಪವು ಪರುಷ್ಣಿಯೊಡನೆ ಬಂದಿದೆ. ಪಕಾರವೇ ಹಳೆಯದು, ವಕಾರವು ಆಮೇಲಿನದು ಎಂಬುದು ಇದರಿಂದ ತಿಳಿಯುವುದು. ಪಾಲಿಯ ಸೇವಾಲ, ಮರಾಠಿಯ ಶೇವಾಳ, ಹಿಂದಿಯ ಸೇವಾರಗಳು ಈ ವಕಾರದ ಪರಂಪರೆಯವು. ವಕಾರವುಳ್ಳ ರೂಪವನ್ನು ಮೂಲವೆಂದಿಟ್ಟುಕೊಂಡು ಧಾತುವನ್ನು ಹುಡುಕುವುದು ಶಾಸ್ತ್ರದೃಷ್ಟಿಯಿಂದ ರೂಪಸಿದ್ಧಿಗೆ ಸಾಕು. ಶಬ್ದದ ಹುಟ್ಟನ್ನು ಹೇಳುವುದಕ್ಕೆ ಸಾಲದು. ನಾಮಗಳೆಲ್ಲವೂ ಧಾತುಜವೆಂದ ಶಾಕಟಾಯನನ ಪಕ್ಷವನ್ನೂ, ಎಲ್ಲವೂ ಹಾಗಲ್ಲವೆಂದ ಗಾರ್ಗ್ಯನ ಪಕ್ಷವನ್ನೂ ಯಾಸ್ಕನು ನಿರುಕ್ತದಲ್ಲಿ ಎದುರುಬದುರಾಗಿಟ್ಟು ಚರ್ಚಿಸಿರುವನಷ್ಟೆ. ಯಾಸ್ಕನು ಶಾಕಟಾಯನನ ಕಡೆಗೇ ನಿಂತರೂ, ಶೈವಲದಂಥ ಶಬ್ದಗಳ ಮುಂದೆ ಗಾರ್ಗ್ಯನ ಸಂಶಯವನ್ನು ಮರೆಯುವಂತಿಲ್ಲ.

ಅರ್ಥದಲ್ಲಿಯೂ ಹೀಗೆಯೇ ಎರಡು ಪದರಗಳುಂಟು. ವೇದದಲ್ಲಿ ಬೃಹಸ್ಪತಿಯು ಬೆಳಕಿನಿಂದ ಕತ್ತಲೆಯನ್ನು ಅಂತರಿಕ್ಷದಿಂದ ಓಡಿಸಿದುದಕ್ಕೆ, ಗಾಳಿಯು ನೀರಿನಿಂದ ಶೀಪಾಲವನ್ನು ದೂಡುವುದು ಹೋಲಿಕೆಯಾಗಿದೆ. ಗಾಳಿಗೆ ಸರಿಯುವುದು ನೀರಿನ ಮೇಲೆ ಹರಡಿದ ಮುಸುಕೇ ಹೊರತು ತಳದಲ್ಲಿ ಬೇರೂರಿದ ಗಿಡವಲ್ಲ. ಕತ್ತಲೆಯ ಜೊತೆಗೆ ಹೋಲಿಕೆ ಸಲ್ಲುವುದೂ ಅದು ಮುಸುಕಾದುದರಿಂದಲೇ. ಕಾವ್ಯಕಾಲಕ್ಕೆ ಬಂದರೆ ಚಿತ್ರ ಬೇರೆ. ಅಭಿಜ್ಞಾನಶಾಕುಂತಲದ ಮೊದಲನೆಯ ಅಂಕದಲ್ಲಿ, ನಾರುಮಡಿಯನ್ನುಟ್ಟ ಶಕುಂತಳೆಯನ್ನು ಕಂಡ ದುಷ್ಯಂತನು ಶೈವಲವು ಹೆಣೆದುಕೊಂಡ ತಾವರೆಯನ್ನು ನೆನೆಯುವನು. ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿಯ ಮುಖವು ಜಟೆಯಿಂದಲೂ ಶೋಭಿಸಿತೆಂದು ಹೇಳುವಲ್ಲಿ, ತಾವರೆಗೆ ತುಂಬಿಯ ಸಾಲಿನಂತೆ ಶೈವಲದ ಸಂಗವೂ ಒಪ್ಪುವುದೆಂಬ ಉಪಮಾನವಿದೆ. ಒಂದೆಡೆ ಉಪಮೇಯವು ನಾರಿನ ಬಟ್ಟೆ, ಇನ್ನೊಂದೆಡೆ ಜಟೆಗಟ್ಟಿದ ಕೂದಲು. ಎರಡೂ ಎಳೆಗಳಿಂದಾದ ವಸ್ತುಗಳು. ನದಿಯನ್ನು ಸ್ತ್ರೀಯಾಗಿ ವರ್ಣಿಸುವಾಗ ತಾವರೆಯನ್ನು ಮುಖವಾಗಿಯೂ ಮೀನನ್ನು ಕಣ್ಣಾಗಿಯೂ ಹೇಳಿ ಶೈವಲವನ್ನು ಕೇಶವಾಗಿ ಹೇಳುವ ಕವಿಸಮಯವೂ ಇದನ್ನೇ ಬಲಪಡಿಸುವುದು. ಮಾನಿಯರ್ ವಿಲಿಯಮ್ಸರು ೧೮೯೯ರ ಕೋಶದಲ್ಲಿ ಶೈವಲಕ್ಕೆ ಬ್ಲಿಕ್ಸ ಆಕ್ಟಾಂಡ್ರವೆಂಬ, ನೀಳವಾದ ಎಲೆಯ ಗಿಡವನ್ನು ಅರ್ಥವಾಗಿ ಕೊಟ್ಟಿರುವುದು ಈ ಪ್ರಯೋಗಗಳಿಗೆ ಚೆನ್ನಾಗಿ ಹೊಂದುವುದು.

ನೂಲಿನಂಥ ಪಾಚಿಯೂ ತಾವರೆಯ ಕಾಂಡಕ್ಕೆ ತೊಡಕಿಕೊಳ್ಳಬಹುದಲ್ಲವೆ ಎಂದು ಆಕ್ಷೇಪಿಸಬಹುದು. ತೊಡಕಿಕೊಳ್ಳಲಿ, ಅದರಿಂದ ಪ್ರಕೃತಕ್ಕೆ ಹಾನಿಯಿಲ್ಲ. ಕಾವ್ಯದ ಶೈವಲವು ಲಾಡಿಯಾಗಿರಲಿ, ನೂಲಾಗಿರಲಿ, ಅದು ಎಳೆ, ಪೊರೆಯಲ್ಲ, ಲೋಳೆಯಲ್ಲ. ಉಪಮೆಯ ಜೀವ ಆ ಎಳೆಯಲ್ಲಿದೆ. ತಾವರೆಯೂ ಶೈವಲವೂ ಒಂದೇ ಕೆಸರಿನಲ್ಲಿ ಹುಟ್ಟುವುವು. ಕೆಸರಿನಲ್ಲಿ ಹುಟ್ಟಿಯೂ ಶೈವಲವು ಪಂಕಜವೆನಿಸಿಕೊಳ್ಳದು. ಯೋಗರೂಢಿಗೆ ಶಾಲೆಗಳಲ್ಲಿ ಕೊಡುವ ಈ ಹಳೆಯ ಉದಾಹರಣೆಯ ಪಕ್ಕದಲ್ಲಿಯೇ ಕಾಳಿದಾಸನ ಕಟಾಕ್ಷವಿದೆ: ಹುಟ್ಟಿನಿಂದ ನೆರೆಯವಳಾದ, ಹೆಸರಿನಿಂದ ಹಿಂದುಳಿದ ಬಡ ಎಲೆಯೊಂದು ತಾವರೆಯ ಮೈಸುತ್ತಿದಾಗ ತಾವರೆಯ ಕಾಂತಿ ಕುಂದುವುದಿಲ್ಲ. ನಾರುಮಡಿಗೂ ಶಕುಂತಳೆಗೂ ಇರುವ ಸಂಬಂಧ ಇಂಥದು. ಇಲ್ಲಿ ‘ಪಾಚಿ’ ಎಂದರೆ ಉಪಮೆಯೊಳಗೆ ಜುಗುಪ್ಸೆಯನ್ನು ತಂದಂತಾಗುವುದು.

೪

ಕನ್ನಡದ ಹಾವಸೆಯ ಜಾಡು ಬೇರೆ. ಬಸವಣ್ಣನವರ ಪ್ರಸಿದ್ಧವಾದೊಂದು ವಚನದಲ್ಲಿ ‘ಹಾವಸೆಗಲ್ಲು’ ಎಂಬ ಸಮಾಸಪದವಿದೆ. ಅಂಥ ಕಲ್ಲನ್ನು ಮೆಟ್ಟಿ ಓಡಿ ಗುರಿ ಸೇರುವುದು ಆಗದ ಕೆಲಸವೆಂಬುದು ಅಲ್ಲಿಯ ದೃಷ್ಟಾಂತ. ನುಡಿದಂತೆ ನಡೆಯುವುದರ ಕಾಠಿಣ್ಯವೇ ದಾರ್ಷ್ಟಾಂತಿಕ. ಇಲ್ಲಿ ಹಾವಸೆಗೆ ರೂಪವಿಲ್ಲ, ಬಣ್ಣವಿಲ್ಲ, ಜಾರುವಿಕೆಯೊಂದೇ ಇದೆ. ಶೈವಲವನ್ನು ಸಂಸ್ಕೃತಕವಿ ದಡದಲ್ಲಿ ನಿಂತು ಕಣ್ಣಿನಿಂದ ಕಂಡನು. ಹಾವಸೆಯನ್ನು ವಚನಕಾರರು ನೀರಿಗಿಳಿದು ಅಂಗಾಲಿನಿಂದ ಅರಿತರು.

ಇದು ಒಬ್ಬ ವಚನಕಾರರ ವಿಶೇಷವಲ್ಲ, ಭಾಷೆಯ ವಿಶೇಷವೆಂಬುದಕ್ಕೆ ಕ್ರಿಯಾಪದಗಳೇ ಸಾಕ್ಷಿ. ಜೊಂಡು ‘ಬೆಳೆಯುವುದು’, ತಾವರೆ ‘ಅರಳುವುದು’, ಆದರೆ ಹಾವಸೆ, ಪಾಚಿಗಳು ‘ಕಟ್ಟುವುವು’. ಹಾಲಿನ ಮೇಲೆ ಕೆನೆ ಕಟ್ಟುವಂತೆ, ಗೋಡೆಗೆ ಮಸಿ ಕಟ್ಟುವಂತೆ ಕಲ್ಲಿಗೆ ಪಾಚಿ ಕಟ್ಟುವುದು. ಕನ್ನಡಿಗನು ಇದನ್ನು ಗಿಡವೆಂದು ಎಣಿಸುವುದಕ್ಕಿಂತ ಹೆಚ್ಚಾಗಿ ಒಂದು ಲೇಪವೆಂದು ಎಣಿಸಿದನು. ಹೊಳೆನರಸೀಪುರದ ಹೊಳೆದಂಡೆಯಲ್ಲಿ, ರಾಮನಾಥಪುರದ ಬಂಡೆಗಳ ಮೇಲೆ, ಕೆರೆಯ ಸೋಪಾನಗಳಲ್ಲಿ ನೀರು ತುಂಬುವವರಿಗೂ ಮಡಿಯಾಗುವವರಿಗೂ ಮೊದಲು ಬೇಕಾದ ತಿಳಿವಳಿಕೆ ಈ ಲೇಪದ್ದೇ.

ಈಗ ವ್ಯುತ್ಪತ್ತಿಯ ವಿಚಾರ. ಹಾವಸೆಯ ಹಳೆಯ ರೂಪ ಪಾವಸೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ. ಹಾವಸೆಯೆಂದೊಡನೆ ‘ಹಾವು’ ನೆನಪಿಗೆ ಬರುವುದು ಸಹಜ. ನೀರೊಳಗೆ ಬಳುಕುವ ಎಲೆಗಳು ಆ ಭ್ರಾಂತಿಯನ್ನು ಹೆಚ್ಚಿಸುವುವು. ಆದರೆ ಹಾವನ್ನು ಬಿಡಿಸಿ ತೆಗೆದರೆ ಉಳಿಯುವ ‘ಅಸೆ’ಗೆ ಇಲ್ಲಿ ಸಲ್ಲುವ ಅರ್ಥವಿಲ್ಲ. ಅಲ್ಲದೆ ಶಬ್ದದ ಪ್ರಯೋಗವು ಬಳುಕುವಿಕೆಯನ್ನು ಹೇಳದೆ ಜಾರುವಿಕೆಯನ್ನು ಹೇಳುವುದು. ಆದುದರಿಂದ ಈ ಬಿಡಿಸುವಿಕೆ ಗ್ರಾಹ್ಯವಲ್ಲ. ‘ಹಾಸು’ ಎಂಬ ಧಾತುವಿನಿಂದ, ಹರಡಿಕೊಂಡುದು ಎಂಬರ್ಥದಲ್ಲಿ, ಇದನ್ನು ಸಾಧಿಸಬಹುದೆ? ಅರ್ಥ ಹೊಂದುವುದು, ಆದರೆ ನಡುವಣ ವಕಾರವು ನಿರಾಶ್ರಯವಾಗಿ ನಿಲ್ಲುವುದು. ಮೇಲಾಗಿ ಹಾಸುಗಲ್ಲು, ಹಾವಸೆಗಲ್ಲು ಎಂಬ ಎರಡು ಸಮಾಸಗಳು ತಮ್ಮ ತಮ್ಮ ಅರ್ಥದಲ್ಲಿ ಬೇರೆಬೇರೆಯಾಗಿಯೇ ಬಾಳಿವೆ.

ಆ ವಕಾರವನ್ನು ವಿವರಿಸುವುದಕ್ಕೆ ಕನ್ನಡ ವ್ಯಾಕರಣದಲ್ಲಿಯೇ ದಾರಿಯಿದೆ. ಸಮಾಸದಲ್ಲಿ ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳೂ, ಪ, ಬ, ಮಗಳಿಗೆ ಕೆಲವೆಡೆ ವಕಾರವೂ ಆದೇಶವಾಗಿ ಬರುವುದು ಪ್ರಸಿದ್ಧ. ಬೆಳ್, ಕೊಳ ಎಂಬೆರಡು ಪದಗಳು ಸೇರಿ ಬೆಳ್ಗೊಳವಾದುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಇರುವ ಉದಾಹರಣೆ. ಕಲ್ಲು ‘ಗಲ್ಲು’ ಆದುದೂ ಇದರಂತೆಯೇ. ಬೆಮರ್, ಪನಿ ಸೇರಿ ಬೆಮರ್ವನಿಯಾಗುವಂತೆ, ಪಾವಸೆಯ ಉತ್ತರಪದವನ್ನು ‘ಪಸೆ’ ಎಂದು ಹಿಡಿದರೆ ವಕಾರವು ಆದೇಶವೆಂದು ಸಿದ್ಧಿಸುವುದು. ಪಸೆಯೆಂದರೆ ಒದ್ದೆ, ಅಂಟು, ಜಿಗುಟು. ಬಾಯ ಪಸೆ ಆರಿತು ಎಂಬ ಮಾತಿನಲ್ಲಿ ಇದು ಇಂದಿಗೂ ಜೀವಂತವಾಗಿದೆ. ಅಂಗಾಲಿಗೆ ತಿಳಿಯುವ ಗುಣವೂ ಇದೇ. ಪೂರ್ವಪದದ ‘ಪಾ’ ಎಂಬುದನ್ನು ಹಸುರು ಎಂಬರ್ಥದ ಪಸು ಎಂಬ ಮೂಲದ ದೀರ್ಘರೂಪವಾದ ‘ಪಾಸಿ’ಯ ಶೇಷವೆಂದು ಊಹಿಸಬಹುದು. ಹಾಗಾದರೆ ಪಾಸಿ, ಪಸೆಗಳು ಸೇರಿ ‘ಪಾಸಿವಸೆ’ಯಾಗಿ, ಹತ್ತಿರದಲ್ಲಿರುವ ಎರಡು ಸಕಾರಗಳಲ್ಲಿ ಮೊದಲನೆಯದು ಉಚ್ಚಾರಣಸೌಕರ್ಯಕ್ಕಾಗಿ ಜಾರಿ ಪಾವಸೆಯಾಯಿತೆನ್ನಬೇಕು. ಉತ್ತರಪದದ ವಿಷಯದಲ್ಲಿ ಅರ್ಥವೂ ಸಂಧಿಯೂ ಎರಡೂ ಅನುಕೂಲವಾಗಿವೆ. ಪೂರ್ವಪದದ ವಿಷಯದಲ್ಲಿ ಇದು ಊಹೆಯ ಬಲವನ್ನಷ್ಟೇ ಉಳ್ಳದು. ಈ ಭೇದವನ್ನು ಮರೆಮಾಡುವುದು ಯುಕ್ತವಲ್ಲ.

ಪಾಚಿಯು ಪಸುವಿನ ಬಳಗಕ್ಕೆ ಸೇರಿದುದೆಂಬುದರಲ್ಲಿ ಸಂದೇಹವಿಲ್ಲ. ಹಸುರು, ಹಸಿ, ಪಚ್ಚೆಗಳು ಇದರ ಒಡಹುಟ್ಟುಗಳು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಪಾಚಿಯೆಂಬ ರೂಪವೇ ಇದೆ; ಮಲೆಯಾಳದಲ್ಲಿ ಪಾಯಲ್ ಎಂಬುದಿದೆ. ಅಮರಸಿಂಹನ ಜಲನೀಲೀಯಂತೆ ಇದೂ ಬಣ್ಣದಿಂದ ಬಂದ ಹೆಸರು. ಆದರೆ ಕನ್ನಡದ ಒಳಗೆ ಇದರ ವಯಸ್ಸೆಷ್ಟು? ತಮಿಳಿನ ಪಚು ಎಂಬಲ್ಲಿ ಕನ್ನಡವು ಪಸು ಎಂದು ಸಕಾರವನ್ನು ಹೇಳುವುದು. ಆದಿಯ ಪಕಾರವನ್ನು ಹಕಾರ ಮಾಡುವುದು. ಈ ಎರಡು ನಿಯಮಗಳಿಗೂ ಒಳಗಾಗಿದ್ದರೆ ಪಾಚಿಯು ‘ಹಾಸಿ’ ಆಗಬೇಕಾಗಿತ್ತು. ಪಸೆಯಂತೆ ಪಕಾರವನ್ನು ಉಳಿಸಿಕೊಂಡ ಶಬ್ದಗಳು ಬೇರೆಯೂ ಇರುವುದರಿಂದ ಒಂದು ನಿಯಮ ತಪ್ಪಿದ ಮಾತ್ರಕ್ಕೆ ಏನನ್ನೂ ಹೇಳಲಾಗದು. ಎರಡೂ ಒಂದೇ ಶಬ್ದದಲ್ಲಿ ತಪ್ಪಿರುವಾಗ ಅದು ನೆರೆನುಡಿಯಿಂದ ಆಮೇಲೆ ಬಂದುದೆಂದು ತಿಳಿಯುವುದೇ ನ್ಯಾಯ. ಇದರಂತೆ ನೋಡಿದರೆ ಹಾವಸೆಯು ಮನೆಯ ಹಳೆಯ ಮಗಳು, ಪಾಚಿಯು ತಂದುಕೊಂಡ ಸೊಸೆ. ಇಂದು ಆಡುಮಾತಿನಲ್ಲಿ ಸೊಸೆಯದೇ ಯಜಮಾನಿಕೆ. ಮಗಳು ಗ್ರಂಥದ ಒಳಮನೆಯನ್ನು ಸೇರಿದ್ದಾಳೆ.

೫

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದು ಇಷ್ಟು. ಶೀಪಾಲವು ವೇದದಲ್ಲಿ ನೀರಿನ ಮುಸುಕು. ಶೈವಲವು ಕಾವ್ಯದಲ್ಲಿ ನೀರಿನ ಎಳೆ. ಹಾವಸೆಯು ಕನ್ನಡದಲ್ಲಿ ಕಲ್ಲಿನ ಪಸೆ. ಪಾಚಿಯು ಬಣ್ಣದ ಹೆಸರಾಗಿ ಹುಟ್ಟಿ ಇವೆಲ್ಲಕ್ಕೂ ಬಳಕೆಯಾಗುವ ಸಾಮಾನ್ಯ ಶಬ್ದ. ಇವು ಪರ್ಯಾಯಪದಗಳಲ್ಲ. ಒಂದೇ ನೀರನ್ನು ಗಾಳಿ ಸೋಕಿದಾಗ, ಕಣ್ಣು ಸೋಕಿದಾಗ, ಕಾಲು ಸೋಕಿದಾಗ ಹುಟ್ಟಿದ ಬೇರೆಬೇರೆ ಅನುಭವಗಳ ಹೆಸರುಗಳು.

ಹಾಗಾದರೆ ಅಧ್ಯಾಪಕನು ಏನು ಹೇಳಬೇಕು? ಶಬ್ದಕ್ಕೆ ಶಬ್ದವನ್ನಿಟ್ಟು ಸುಮ್ಮನಾಗದೆ, ಕವಿಯು ಆ ಹಸುರಿನಿಂದ ಯಾವ ಕೆಲಸವನ್ನು ಮಾಡಿಸುತ್ತಿರುವನೆಂದು ಮೊದಲು ಕೇಳಬೇಕು. ಅದು ಸರಿಯುವುದೆ, ಸುತ್ತಿಕೊಳ್ಳುವುದೆ, ಜಾರಿಸುವುದೆ? ಉತ್ತರ ಬಂದೊಡನೆ ಅರ್ಥವೂ ಬರುವುದು. ಶಾಕುಂತಲದಲ್ಲಿ ‘ತಾವರೆಯನ್ನು ಸುತ್ತಿಕೊಂಡ ನೀರ್ಗಿಡದ ಎಳೆ’ ಎಂದರೆ ಸಾಕು. ವಚನದಲ್ಲಿ ‘ಜಾರುವ ಲೋಳೆ ಕಟ್ಟಿದ ಕಲ್ಲು’ ಎಂದರೆ ಸಾಕು. ವಿಜ್ಞಾನದ ಪರಿಭಾಷೆಯಲ್ಲಿ ಇದೇ ಶಬ್ದಗಳಿಗೆ ಬೇರೆ ಅರ್ಥವಿದೆಯೆಂಬ ಎಚ್ಚರಿಕೆಯನ್ನೂ ಆ ಸಂದರ್ಭದಲ್ಲಿಯೇ ಹೇಳಿಬಿಡಬೇಕು. ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ಹಿಡಿಯದು.

ಈ ಸೀಮೆಯ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಇನ್ನೊಂದು ಸೌಕರ್ಯವುಂಟು. ಅವರ ಊರಿನ ಹತ್ತಿರದಲ್ಲಿಯೇ ಹೊಳೆಯೋ ಕೆರೆಯೋ ಕಲ್ಯಾಣಿಯೋ ಇದೆ. ಬೇಸಗೆಯಲ್ಲಿ ನೀರು ತಿಳಿಯಾದಾಗ ಒಮ್ಮೆ ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ, ಬಳುಕುವ ಎಲೆಯನ್ನು ತೋರಿಸಿ, ಮೆಟ್ಟಿಲಿನ ಲೋಳೆಯನ್ನು ಬೆರಳಿನಿಂದ ಮುಟ್ಟಿಸಿದರೆ, ಎರಡು ಕವಿಗಳ ಭೇದವು ಯಾವ ಟೀಕೆಯ ಸಹಾಯವೂ ಇಲ್ಲದೆ ಅವರಿಗೆ ತಿಳಿಯುವುದು. ಕೋಶವು ನೀರಿನಿಂದ ಹುಟ್ಟಿದುದೇ ಹೊರತು ನೀರು ಕೋಶದಿಂದ ಹುಟ್ಟಿದುದಲ್ಲ.